ಮಗುವಿನ ಲಸಿಕೆಯ ಲೆಕ್ಕ ಯಾರ ಕೈಯಲ್ಲಿ?



ಗರ್ಭಿಣಿಯರಿಗೂ ಮಕ್ಕಳಿಗೂ ಹಾಕುವ ಸರ್ಕಾರಿ ಲಸಿಕೆಗಳನ್ನು ಆನ್‌ಲೈನ್‌ನಲ್ಲಿ ದಾಖಲಿಸುವ 'ಯು-ವಿನ್' ವ್ಯವಸ್ಥೆ 2023ರ ಜನವರಿಯಲ್ಲಿ 65 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ಬಳಿಕ ದೇಶವಿಡೀ ಹರಡಿತು. ಇದರ ಬಗ್ಗೆ ಹೆತ್ತವರಲ್ಲಿ ಎರಡು ಮಾತು ಕೇಳಿಬರುತ್ತವೆ. "ಒಳ್ಳೆಯದಾಯಿತು ಫಾದರ್, ತಾಯಿ ಕಾರ್ಡು ಮಳೆಯಲ್ಲಿ ನೆನೆದರೂ ಚಿಂತೆಯಿಲ್ಲ" ಎನ್ನುವವರು ಕೆಲವರು. "ನಮ್ಮ ಕೂಸಿನ ವಿವರ ಊರಿಗೆಲ್ಲ ಯಾಕೆ?" ಎಂದು ಹಿಂಜರಿಯುವವರು ಕೆಲವರು.

ಹಿಂಜರಿಯುವವರನ್ನು ಅಜ್ಞಾನಿಗಳೆಂದು ತಳ್ಳಿಹಾಕಬೇಡಿ. ಶುಭಸಂದೇಶವನ್ನೇ ನೋಡಿ. ಚಕ್ರವರ್ತಿಯ ಜನಗಣತಿಯಲ್ಲಿ ಹೆಸರು ಬರೆಸಲು ಜೋಸೆಫರು ಗರ್ಭಿಣಿ ಮರಿಯಳನ್ನು ಕರೆದುಕೊಂಡು ಬೆತ್ಲೆಹೇಮಿಗೆ ಹೋದರು (ಲೂಕ 2:1-5). ಆದರೆ ಅದೇ ಮಗುವಿನ ವಿವರವನ್ನು ಹೆರೋದನು ಕೇಳಿದಾಗ, ಮೂಡಣ ದೇಶದ ಜ್ಞಾನಿಗಳು ಅವನಿಗೆ ತಿಳಿಸದೆ ಬೇರೆ ದಾರಿ ಹಿಡಿದರು (ಮತ್ತಾಯ 2:12). ಕೇಳುವವರ ಉದ್ದೇಶವೇನೆಂದು ವಿಚಾರಿಸುವುದು ಅವಿಶ್ವಾಸವಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 220ನೇ ವಿಧಿಯೂ ಪ್ರತಿಯೊಬ್ಬರ ಖಾಸಗಿತನವನ್ನು ಹಕ್ಕೆಂದೇ ಪರಿಗಣಿಸುತ್ತದೆ.

ಲಸಿಕೆಯ ದಾಖಲೆಯ ಉದ್ದೇಶ ಮಗುವಿನ ರಕ್ಷಣೆ. 6, 10, 14 ವಾರಗಳ ಲಸಿಕೆ ಹೇಗೋ ನೆನಪಿರುತ್ತದೆ. 9 ತಿಂಗಳು ತುಂಬಿದ ಮೇಲಿನ ದಡಾರ-ರುಬೆಲ್ಲಾ ಲಸಿಕೆಗೆ ಒಂದೂವರೆ ವರ್ಷದ ಸುಮಾರಿಗೆ ಎರಡನೆಯ ಡೋಸೂ ಇದೆಯೆಂಬುದು ಮರೆತುಹೋಗುತ್ತದೆ. ಕೂಲಿಗಾಗಿ ಜಿಲ್ಲೆ ಬಿಟ್ಟು ಕೊಡಗಿನ ತೋಟಕ್ಕೆ ಬಂದ ಕುಟುಂಬದ ಕಾರ್ಡು ಕಳೆದುಹೋದರೆ, ಏನು ಕೊಟ್ಟಾಗಿದೆ, ಏನು ಬಾಕಿಯಿದೆ ಎಂಬುದು ಅಲ್ಲಿನ ನರ್ಸಮ್ಮನಿಗೆ ಹೇಗೆ ತಿಳಿಯಬೇಕು? ಜಾಲದ ದಾಖಲೆ ಮಗು ಹೋದಲ್ಲಿಗೆ ಹೋಗುತ್ತದೆ. ನಮ್ಮ ದೀಕ್ಷಾಸ್ನಾನದ ರಿಜಿಸ್ಟರಿನ ಕ್ರಮವೂ ಇದಕ್ಕೆ ಹತ್ತಿರದ್ದೇ: ಮಗ ಮುಂಬಯಿಯಲ್ಲಿ ಮದುವೆಯಾದರೂ, ಸುದ್ದಿ ದೀಕ್ಷಾಸ್ನಾನ ಪಡೆದ ಧರ್ಮಕೇಂದ್ರಕ್ಕೆ ಬಂದು ಅವನ ಹೆಸರಿನ ಮುಂದೆ ದಾಖಲಾಗಬೇಕು. (ದಾಖಲಾಗದಿದ್ದಾಗ ಗುರುಗಳು ಪಡುವ ಪಾಡು ಬೇರೆ ಮಾತು!)

ಆದುದರಿಂದ ಹೆಸರು ಬರೆಸಿರಿ, ಆದರೆ ಎಚ್ಚರದಿಂದ. ಕೊಡುವ ಮೊಬೈಲ್ ನಂಬರು ನಿಮ್ಮದೇ ಆಗಿರಲಿ, ಅಂಗಡಿಯವರದ್ದಲ್ಲ. ಫೋನಿನಲ್ಲಿ ಒಟಿಪಿ ಕೇಳಿದವರಿಗೆ ಹೇಳಬೇಡಿ. ಮಗುವಿನ ಪ್ರಮಾಣಪತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕುವ ಸಂಭ್ರಮವೂ ಬೇಡ. ಹೆಸರು, ಹುಟ್ಟಿದ ತಾರೀಖು ಜನನ ಪತ್ರದಲ್ಲಿರುವಂತೆಯೇ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ತಾಯಿ ಕಾರ್ಡನ್ನೂ ಎಸೆಯಬೇಡಿ, ಪ್ರತಿ ಸಲ ಅದರಲ್ಲೂ ಬರೆಸಿರಿ.

ಮನೆಯಲ್ಲಿ ಫೋನೇ ಇಲ್ಲದವರು ಸಂಕೋಚಪಡದೆ ಆಶಾ ಕಾರ್ಯಕರ್ತೆಯನ್ನು ಕಾಣಿರಿ. ದಾಖಲೆ ಇರುವುದು ಲಸಿಕೆಗಾಗಿ, ಲಸಿಕೆ ದಾಖಲೆಗಾಗಿ ಅಲ್ಲ. ಜಾಲದಲ್ಲಿ ಹೆಸರಿಲ್ಲವೆಂದು ನಿಮ್ಮ ಮಗುವನ್ನಾಗಲಿ, ನೆರೆಮನೆಯ ಮಗುವನ್ನಾಗಲಿ ಬರಿಗೈಯಲ್ಲಿ ಕಳುಹಿಸಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿರಿ. ಜೊತೆಯಲ್ಲಿ ಹೋಗಿ ಕೇಳೋಣ.