ಅರಿತುದನ್ನು ಅರುಹುವ ವಿದ್ಯೆ

ಸೇತುವೆಯನ್ನು ಕಟ್ಟುವವನಿಗೆ ಗಣಿತ ಬೇಕು. ಔಷಧವನ್ನು ತಯಾರಿಸುವವನಿಗೆ ರಸಾಯನಶಾಸ್ತ್ರ ಬೇಕು. ಯಂತ್ರವನ್ನು ರಚಿಸುವವನಿಗೆ ಭೌತಶಾಸ್ತ್ರ ಬೇಕು. ಇದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಇವರಿಗೆಲ್ಲ ವಾಗ್ಮಿತಾಶಾಸ್ತ್ರವೂ ಬೇಕು ಎಂದರೆ ಆಶ್ಚರ್ಯಪಡುವವರೇ ಹೆಚ್ಚು. ಅಳತೆ, ತೂಕ, ಲೆಕ್ಕಗಳ ಪ್ರಪಂಚದಲ್ಲಿ ಮಾತಿನ ಶಾಸ್ತ್ರಕ್ಕೆ ಏನು ಕೆಲಸ? ಆದರೂ ಅಮೆರಿಕಾ ಸಂಯುಕ್ತ ಸಂಸ್ಥಾನದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ವಿಜ್ಞಾನ ಮತ್ತು ತಂತ್ರವಿದ್ಯೆಯ ವಿದ್ಯಾರ್ಥಿಗಳು ಈ ಶಾಸ್ತ್ರವನ್ನು ಒಂದು ಪಠ್ಯವಿಷಯವಾಗಿ ಅಭ್ಯಾಸಮಾಡುತ್ತಾರೆ. ಅದು ಅವರಿಗೆ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಮೊದಲು ಆ ಶಾಸ್ತ್ರದ ಸ್ವರೂಪವನ್ನೂ, ಅನಂತರ ಅವರ ತರಗತಿಗಳಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುವ ಒಂದು ದುರಂತವನ್ನೂ ನೋಡಬೇಕು.

ಪಾಶ್ಚಾತ್ಯರು ‘ರೆಟರಿಕ್’ ಎಂದು ಕರೆಯುವ ಈ ಶಾಸ್ತ್ರವು ಪ್ರಾಚೀನ ಗ್ರೀಸಿನಲ್ಲಿ ಬೆಳೆಯಿತು. ಅಥೆನ್ಸ್ ನಗರದಲ್ಲಿ ಪೌರರು ಸಭೆ ಸೇರಿ ಯುದ್ಧ, ಸಂಧಿ, ಕಾನೂನುಗಳನ್ನು ಕುರಿತು ತಾವೇ ನಿರ್ಧರಿಸುತ್ತಿದ್ದರು. ನ್ಯಾಯಾಲಯದಲ್ಲಿಯೂ ಪ್ರತಿಯೊಬ್ಬನೂ ತನ್ನ ಪಕ್ಷವನ್ನು ತಾನೇ ಮಂಡಿಸಬೇಕಾಗಿತ್ತು. ಆದುದರಿಂದ ಚೆನ್ನಾಗಿ ಮಾತನಾಡುವ ಕಲೆಗೆ ಅಲ್ಲಿ ಬಹಳ ಬೆಲೆಯಿತ್ತು. ಹಣ ಪಡೆದು ಅದನ್ನು ಕಲಿಸುವ ಗುರುಗಳೂ ಇದ್ದರು. ತತ್ತ್ವಜ್ಞಾನಿಯಾದ ಪ್ಲೇಟೋವಿಗೆ ಈ ಕಲೆಯ ವಿಷಯದಲ್ಲಿ ಸಂಶಯವಿತ್ತು. ವೈದ್ಯನು ಕೊಡುವ ಕಹಿಮದ್ದಿಗಿಂತ ಅಡಿಗೆಯವನು ಕೊಡುವ ಸಿಹಿತಿಂಡಿಯೇ ಮಕ್ಕಳಿಗೆ ಪ್ರಿಯವಾಗುವಂತೆ, ಸತ್ಯಕ್ಕಿಂತ ಸವಿಮಾತೇ ಜನರಿಗೆ ಪ್ರಿಯವಾಗುವುದೆಂದು ಅವನು ಎಚ್ಚರಿಸಿದನು.

ಪ್ಲೇಟೋವಿನ ಶಿಷ್ಯನಾದ ಅರಿಸ್ಟಾಟಲನು (ಕ್ರಿ.ಪೂ. 384–322) ಇದೇ ಕಲೆಯನ್ನು ಬೇರೊಂದು ದೃಷ್ಟಿಯಿಂದ ಕಂಡನು. ಯಾವುದೇ ವಿಷಯದಲ್ಲಿ ಕೇಳುವವರಿಗೆ ಮನವರಿಕೆ ಮಾಡಿಕೊಡಲು ಇರುವ ಸಾಧನಗಳೇನೆಂದು ಗುರುತಿಸುವ ಶಕ್ತಿಯೇ ವಾಗ್ಮಿತೆ ಎಂಬುದು ಅವನ ನಿರೂಪಣೆ. ಅಂಥ ಸಾಧನಗಳು ಮೂರು. ಹೇಳುವವನ ಶೀಲ ಮತ್ತು ವಿಶ್ವಾಸಾರ್ಹತೆ ಮೊದಲನೆಯದು. ಕೇಳುವವರ ಮನಃಸ್ಥಿತಿ ಎರಡನೆಯದು. ಮಾತಿನಲ್ಲಿರುವ ಯುಕ್ತಿ ಮತ್ತು ಪ್ರಮಾಣ ಮೂರನೆಯದು. ಗ್ರೀಕರು ಇವನ್ನು ಕ್ರಮವಾಗಿ ಈಥೋಸ್, ಪೇಥೋಸ್, ಲೋಗೋಸ್ ಎಂದು ಕರೆದರು. ನಮ್ಮ ಅಲಂಕಾರಶಾಸ್ತ್ರವು ಕಾವ್ಯದ ಸೊಬಗನ್ನು ವಿವೇಚಿಸುವುದಾದರೆ, ಈ ಶಾಸ್ತ್ರವು ಒಂದು ನಿರ್ಧಾರವನ್ನು ಕೈಗೊಳ್ಳಬೇಕಾದಾಗ ಮಾತು ಹೇಗೆ ಕೆಲಸಮಾಡುತ್ತದೆ ಎಂಬುದನ್ನು ವಿವೇಚಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಶಾಸ್ತ್ರಕ್ಕೆ ಹೊಸ ವಿಚಾರಗಳು ಸೇರಿದುವು. ಸ್ಟೀಫನ್ ಟೂಲ್ಮಿನ್ ಎಂಬ ಆಂಗ್ಲ ತತ್ತ್ವಜ್ಞಾನಿ 1958ರಲ್ಲಿ ವಾದದ ಅಂಗಗಳನ್ನು ಬಿಡಿಸಿ ತೋರಿಸಿದರು. ಪ್ರತಿಯೊಂದು ವಾದದಲ್ಲಿಯೂ ಒಂದು ಪ್ರತಿಪಾದನೆ ಇರುತ್ತದೆ. ಅದಕ್ಕೆ ಆಧಾರವಾದ ಸಂಗತಿ ಇರುತ್ತದೆ. ಆ ಸಂಗತಿಯಿಂದ ಆ ಪ್ರತಿಪಾದನೆಗೆ ಹೋಗಲು ಅನುಮತಿ ಕೊಡುವ ಒಂದು ಕೊಂಡಿಯೂ ಇರುತ್ತದೆ. ನಮ್ಮ ತರ್ಕಶಾಸ್ತ್ರದ ಪ್ರಸಿದ್ಧ ಉದಾಹರಣೆಯಿಂದ ಇದನ್ನು ತಿಳಿಯಬಹುದು. “ಬೆಟ್ಟದಲ್ಲಿ ಬೆಂಕಿಯಿದೆ” ಎಂಬುದು ಪ್ರತಿಪಾದನೆ. “ಅಲ್ಲಿ ಹೊಗೆ ಕಾಣುತ್ತಿದೆ” ಎಂಬುದು ಆಧಾರ. “ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ” ಎಂಬುದು ಕೊಂಡಿ. ಈ ಕೊಂಡಿಯನ್ನು ಒಪ್ಪದವನಿಗೆ ಎಷ್ಟು ಹೊಗೆಯನ್ನು ತೋರಿಸಿದರೂ ಪ್ರಯೋಜನವಿಲ್ಲ.

ಇಷ್ಟು ಸಿದ್ಧಾಂತವನ್ನು ಓದಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ವಿಜ್ಞಾನದಲ್ಲಿ ಸಂಗತಿಗಳು ತಾವೇ ಮಾತನಾಡುವುದಿಲ್ಲವೆ? ಅವುಗಳ ಪರವಾಗಿ ಬೇರೊಬ್ಬರು ವಾದಿಸಬೇಕೆ? ಈ ಪ್ರಶ್ನೆಗೆ ಉತ್ತರವಾಗಿ ತರಗತಿಗಳಲ್ಲಿ ‘ಚಾಲೆಂಜರ್’ ಅಂತರಿಕ್ಷ ನೌಕೆಯ ದುರಂತವನ್ನು ವಿವರಿಸುವುದುಂಟು.

ಚಾಲೆಂಜರ್ ನೌಕೆಯು 1986ರ ಜನವರಿ 28ರಂದು ಫ್ಲಾರಿಡಾದ ಉಡಾವಣಾ ಕೇಂದ್ರದಿಂದ ಮೇಲಕ್ಕೆ ಹೊರಡಬೇಕಾಗಿತ್ತು. ನೌಕೆಯನ್ನು ಮೇಲಕ್ಕೆ ಒಯ್ಯಲು ಅದರ ಇಕ್ಕೆಲಗಳಲ್ಲಿ ಘನ ಇಂಧನದ ಎರಡು ದೊಡ್ಡ ರಾಕೆಟ್ಟುಗಳಿದ್ದುವು. ಯೂಟಾ ಪ್ರಾಂತದ ಮಾರ್ಟನ್ ಥಯೋಕಾಲ್ ಸಂಸ್ಥೆಯು ಇವನ್ನು ತುಂಡುತುಂಡಾಗಿ ತಯಾರಿಸಿ ರೈಲಿನಲ್ಲಿ ಕಳುಹಿಸುತ್ತಿತ್ತು. ಉಡಾವಣಾ ಕೇಂದ್ರದಲ್ಲಿ ಈ ತುಂಡುಗಳನ್ನು ಒಂದರ ಮೇಲೊಂದರಂತೆ ಜೋಡಿಸಲಾಗುತ್ತಿತ್ತು. ಒಳಗಿನ ಉರಿಯುವ ಅನಿಲವು ಕೀಲುಗಳ ಸಂದಿನಿಂದ ಹೊರಕ್ಕೆ ನುಗ್ಗದಂತೆ ಪ್ರತಿ ಕೀಲಿನಲ್ಲಿಯೂ ರಬ್ಬರಿನ ಎರಡು ಉಂಗುರಗಳನ್ನು ಇಡುತ್ತಿದ್ದರು. ಸುಮಾರು 7 ಮಿಲಿಮೀಟರ್ ದಪ್ಪವಿದ್ದ ಈ ಉಂಗುರಗಳ ಮೇಲೆ ನೌಕೆಯಲ್ಲಿದ್ದವರೆಲ್ಲರ ಪ್ರಾಣವೂ ನಿಂತಿತ್ತು.

ಒಂದು ವರ್ಷದ ಹಿಂದೆ, 1985ರ ಜನವರಿಯಲ್ಲಿ, ಇನ್ನೊಂದು ನೌಕೆಯು ಚಳಿಯಲ್ಲಿ ಮೇಲೇರಿತ್ತು. ಆಗ ಕೀಲಿನ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್ ಇತ್ತು. ಹಿಂದಿರುಗಿ ಬಂದ ರಾಕೆಟ್ಟಿನ ಕೀಲುಗಳನ್ನು ಥಯೋಕಾಲ್ ಸಂಸ್ಥೆಯ ಇಂಜಿನಿಯರಾದ ರೋಜರ್ ಬೋಜೊಲೆ ಅವರು ಪರೀಕ್ಷಿಸಿದರು. ಮೊದಲನೆಯ ಉಂಗುರವನ್ನು ದಾಟಿ ಅನಿಲ ನುಗ್ಗಿದ್ದುದಕ್ಕೆ ಸಾಕ್ಷಿಯಾಗಿ ಅಲ್ಲಿ ಕಪ್ಪು ಮಸಿ ಕಂಡಿತು. ಚಳಿಯಲ್ಲಿ ರಬ್ಬರು ತನ್ನ ಪುಟಿತವನ್ನು ಕಳೆದುಕೊಂಡು ಸಂದನ್ನು ಬೇಗನೆ ಮುಚ್ಚಲಾರದೆಂದು ಅವರಿಗೆ ತೋರಿತು. ಈ ದೋಷವನ್ನು ಸರಿಪಡಿಸದಿದ್ದರೆ ಪ್ರಾಣಹಾನಿಯಾದೀತೆಂದು ಅವರು ಅದೇ ವರ್ಷದ ಜುಲೈ 31ರಂದು ಸಂಸ್ಥೆಯ ಮೇಲಧಿಕಾರಿಗೆ ಪತ್ರದ ಮೂಲಕ ಎಚ್ಚರಿಕೆ ಕೊಟ್ಟಿದ್ದರು.

ಚಾಲೆಂಜರ್ ಹೊರಡಬೇಕಾದ ಹಿಂದಿನ ದಿನ ಫ್ಲಾರಿಡಾದಲ್ಲಿ ಅಪರೂಪದ ಚಳಿ ಬಿತ್ತು. ಮರುದಿನ ಉಂಗುರಗಳ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತಲೂ ಕೆಳಗಿಳಿಯುವ ಸಂಭವವಿತ್ತು. ಅಂದು ರಾತ್ರಿ ಯೂಟಾ, ಅಲಬಾಮಾ, ಫ್ಲಾರಿಡಾ ಈ ಮೂರು ಕಡೆಗಳಲ್ಲಿದ್ದ ಇಂಜಿನಿಯರುಗಳೂ ಅಧಿಕಾರಿಗಳೂ ದೂರವಾಣಿಯಲ್ಲಿ ಸಭೆ ನಡೆಸಿದರು. ಥಯೋಕಾಲ್ ಇಂಜಿನಿಯರುಗಳು ಅವಸರದಲ್ಲಿ 13 ಪುಟಗಳ ಕೋಷ್ಟಕಗಳನ್ನೂ ಟಿಪ್ಪಣಿಗಳನ್ನೂ ಸಿದ್ಧಪಡಿಸಿ ಕಳುಹಿಸಿದರು. ಉಷ್ಣತೆಯು 12 ಡಿಗ್ರಿಗಿಂತ ಕಡಿಮೆಯಿದ್ದರೆ ನೌಕೆಯನ್ನು ಹಾರಿಸಬಾರದೆಂಬುದು ಅವರ ಸಲಹೆ.

ಅಂತರಿಕ್ಷ ಸಂಸ್ಥೆಯಾದ ನಾಸಾದ ಅಧಿಕಾರಿಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದೊಮ್ಮೆ 24 ಡಿಗ್ರಿ ಉಷ್ಣತೆಯಲ್ಲಿಯೂ ಉಂಗುರವನ್ನು ದಾಟಿ ಅನಿಲ ನುಗ್ಗಿತ್ತು. ಹಾಗಿದ್ದರೆ ಚಳಿಯೇ ಕಾರಣವೆಂದು ಹೇಗೆ ಹೇಳುವುದು? ಚಳಿಯಲ್ಲಿ ಆದ ಹಾನಿ ಹೆಚ್ಚಿನದೆಂದು ಬೋಜೊಲೆ ಉತ್ತರಿಸಿದರು. ಅದನ್ನು ಅಂಕಿಗಳಲ್ಲಿ ತೋರಿಸಿಕೊಡುವಂತೆ ಕೇಳಿದಾಗ ಅವರಲ್ಲಿ ಸಾಕಷ್ಟು ಅಂಕಿಗಳಿರಲಿಲ್ಲ. ಥಯೋಕಾಲ್ ಸಂಸ್ಥೆಯವರು ತಮ್ಮೊಳಗೆ ಸಮಾಲೋಚಿಸಲು ಐದು ನಿಮಿಷದ ಬಿಡುವು ಕೇಳಿದರು. ಅದು ಸುಮಾರು ಅರ್ಧ ಗಂಟೆಯವರೆಗೆ ಬೆಳೆಯಿತು. ಆ ಬಿಡುವಿನಲ್ಲಿ ಬೋಜೊಲೆಯವರು ಮಸಿಯ ಛಾಯಾಚಿತ್ರಗಳನ್ನು ಮೇಲಧಿಕಾರಿಗಳ ಮುಂದಿಟ್ಟರು. ಅವರ ಸಹೋದ್ಯೋಗಿ ಥಾಂಪ್ಸನ್ ಅವರು ಕೀಲಿನ ಚಿತ್ರವನ್ನು ಬರೆದು ತೋರಿಸಿದರು. ಕೇಳುವವರಿಲ್ಲವೆಂದು ಕಂಡಾಗ ಇಬ್ಬರೂ ಸುಮ್ಮನಾದರು. ಬಿಡುವು ಮುಗಿದ ಮೇಲೆ ಸಂಸ್ಥೆಯ ವ್ಯವಸ್ಥಾಪಕರು ಮೊದಲಿನ ಸಲಹೆಯನ್ನು ಹಿಂತೆಗೆದುಕೊಂಡು ನೌಕೆಯನ್ನು ಹಾರಿಸಬಹುದೆಂದು ತಿಳಿಸಿದರು.

ಮರುದಿನ ಬೆಳಿಗ್ಗೆ ಚಾಲೆಂಜರ್ ಮೇಲೇರಿತು. ಬಲಗಡೆಯ ರಾಕೆಟ್ಟಿನ ಕೆಳಗಿನ ಕೀಲಿನಿಂದ ಬೆಂಕಿ ಹೊರಬಿದ್ದು, ಹೊರಟ 73ನೆಯ ಸೆಕೆಂಡಿನಲ್ಲಿ ನೌಕೆಯು ಆಕಾಶದಲ್ಲಿಯೇ ಒಡೆದುಹೋಯಿತು. ಅದರಲ್ಲಿದ್ದ ಏಳು ಮಂದಿಯೂ ಮಡಿದರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಉಪಾಧ್ಯಾಯಿನಿಯೂ ಒಬ್ಬರು. ಆಕೆ ಅಂತರಿಕ್ಷದಿಂದ ಪಾಠ ಹೇಳುವರೆಂದು ತಿಳಿದಿದ್ದ ಅಸಂಖ್ಯ ಮಕ್ಕಳು ತಮ್ಮ ಶಾಲೆಗಳಲ್ಲಿ ಕುಳಿತು ದೂರದರ್ಶನದಲ್ಲಿ ಈ ದೃಶ್ಯವನ್ನು ನೋಡುತ್ತಿದ್ದರು.

ಇಲ್ಲಿ ಸಂಗತಿ ತಿಳಿದಿತ್ತು. ಅದನ್ನು ತಿಳಿದವರು ಬಾಯಿಬಿಟ್ಟು ಹೇಳಿಯೂ ಇದ್ದರು. ಆದರೂ ಅದು ಕೇಳಿದವರ ಮನಸ್ಸಿಗೆ ತಾಗಲಿಲ್ಲ. ಏಕೆ ತಾಗಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ವಾಗ್ಮಿತಾಶಾಸ್ತ್ರದ ಸಹಾಯದಿಂದ ಪರಿಶೀಲಿಸುತ್ತಾರೆ.

ಮೊದಲನೆಯದು ಯುಕ್ತಿಯ ವಿಷಯ. ಹಾನಿಯಾದ ಕೆಲವು ಹಾರಾಟಗಳನ್ನು ಮಾತ್ರ ನೋಡಿದರೆ ಬಿಸಿಲಿನಲ್ಲಿಯೂ ಹಾನಿ, ಚಳಿಯಲ್ಲಿಯೂ ಹಾನಿ ಎಂದು ತೋರುತ್ತದೆ. ಹಾನಿಯಾಗದ ಹಾರಾಟಗಳನ್ನೂ ಜೊತೆಗಿಟ್ಟು ನೋಡಿದಾಗ ಚಿತ್ರ ಬದಲಾಗುತ್ತದೆ. ದುರಂತದ ತನಿಖೆ ನಡೆಸಿದ ಆಯೋಗವು ಹೀಗೆ ನೋಡಿತು. ಸುಮಾರು 19 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ನಡೆದ 20 ಹಾರಾಟಗಳಲ್ಲಿ 3ರಲ್ಲಿ ಮಾತ್ರ ಉಂಗುರಗಳಿಗೆ ಹಾನಿಯಾಗಿತ್ತು. ಸುಮಾರು 17 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ನಡೆದ 4 ಹಾರಾಟಗಳಲ್ಲಿ ನಾಲ್ಕಕ್ಕೆ ನಾಲ್ಕರಲ್ಲಿಯೂ ಹಾನಿಯಾಗಿತ್ತು. ಚಳಿಗೂ ಹಾನಿಗೂ ಇರುವ ಕೊಂಡಿ ಈ ಎರಡು ವಾಕ್ಯಗಳಲ್ಲಿಯೇ ಗೋಚರವಾಗುತ್ತದೆ.

ಎರಡನೆಯದು ವಿಶ್ವಾಸಾರ್ಹತೆಯ ವಿಷಯ. ಉಂಗುರಗಳಿಗೆ ಹಾನಿಯಾಗುತ್ತಿದ್ದರೂ ಅದೇ ಸಂಸ್ಥೆಯು ಹಿಂದಿನ ಹಾರಾಟಗಳಿಗೆ ಒಪ್ಪಿಗೆ ಕೊಡುತ್ತ ಬಂದಿತ್ತು. ಕೊನೆಯ ರಾತ್ರಿ ಬೇಡವೆಂದಾಗ ಅದರ ಮಾತಿಗೆ ಇರಬೇಕಾದ ತೂಕವಿರಲಿಲ್ಲ. ಮೂರನೆಯದು ಕೇಳುವವರ ಮನಃಸ್ಥಿತಿ. ಉಡಾವಣೆಯು ಆಗಲೇ ಹಲವು ಬಾರಿ ಮುಂದಕ್ಕೆ ಹೋಗಿತ್ತು. ಮತ್ತೆ ನಿಲ್ಲಿಸಲು ಅಧಿಕಾರಿಗಳಿಗೆ ಮನಸ್ಸಿರಲಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದುದು ರುಜುವಾತಿನ ಹೊಣೆ. ನೌಕೆಯು ಸುರಕ್ಷಿತವೆಂಬುದನ್ನು ಹಾರಿಸುವವರು ಸಾಧಿಸಬೇಕು ಎಂಬುದೇ ಯೋಗ್ಯವಾದ ಕ್ರಮ. ಅಂದು ರಾತ್ರಿ ಅದು ತಲೆಕೆಳಗಾಯಿತು. ನೌಕೆಯು ಅಪಾಯಕಾರಿಯೆಂಬುದನ್ನು ತಡೆಯುವವರೇ ಸಾಧಿಸಬೇಕಾಯಿತು. ಚರ್ಚೆಯ ಪ್ರಶ್ನೆಯೇ ಬದಲಾದುದನ್ನು ಆ ಕ್ಷಣದಲ್ಲಿ ಯಾರೂ ಎತ್ತಿ ಹೇಳಲಿಲ್ಲ.

ತನಿಖಾ ಆಯೋಗದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರೂ ಸದಸ್ಯರಾಗಿದ್ದರು. ಅವರು ಫೆಬ್ರವರಿ 11ರ ಬಹಿರಂಗ ವಿಚಾರಣೆಯಲ್ಲಿ ಉಂಗುರದ ರಬ್ಬರಿನ ಒಂದು ತುಂಡನ್ನು ಚಿಕ್ಕ ಇಕ್ಕಳದಲ್ಲಿ ಬಿಗಿದು ಮಂಜಿನ ನೀರಿನ ಲೋಟದಲ್ಲಿ ಅದ್ದಿದರು. ಸ್ವಲ್ಪ ಹೊತ್ತಿನ ಮೇಲೆ ಇಕ್ಕಳವನ್ನು ಸಡಿಲಿಸಿದಾಗ ರಬ್ಬರು ಕೂಡಲೇ ತನ್ನ ಮೊದಲಿನ ಆಕಾರಕ್ಕೆ ಬರಲಿಲ್ಲ. ಇಂಜಿನಿಯರುಗಳು ಪುಟಗಟ್ಟಲೆ ಬರೆದು ಮನಗಾಣಿಸಲಾರದೆ ಹೋದುದನ್ನು ನೋಡಿದವರೆಲ್ಲರೂ ಒಂದು ಲೋಟ ನೀರಿನಿಂದ ತಿಳಿದುಕೊಂಡರು.

ಆದರೆ ಈ ಹೋಲಿಕೆಯನ್ನು ಎಚ್ಚರಿಕೆಯಿಂದ ಮಾಡಬೇಕು. ಫೈನ್‌ಮನ್ ಮಾತನಾಡುವಾಗ ಇಡೀ ದೇಶವೇ ಕಿವಿಗೊಟ್ಟಿತ್ತು. ಬೋಜೊಲೆ ಮಾತನಾಡುವಾಗ ಕೇಳಬೇಕಾದವರೇ ಕಿವಿಗೊಡಲಿಲ್ಲ. ಅಂಕಿ ಅಂಶಗಳ ಚಿತ್ರಣದಲ್ಲಿ ಪ್ರಸಿದ್ಧರಾದ ಎಡ್ವರ್ಡ್ ಟಫ್ಟಿ ಅವರು 1997ರಲ್ಲಿ ಆ 13 ಪುಟಗಳ ದೋಷಗಳನ್ನು ವಿಮರ್ಶಿಸಿದರು. ಇದಕ್ಕೆ ಬೋಜೊಲೆ ಮತ್ತು ಸಂಗಡಿಗರು 2002ರಲ್ಲಿ ಉತ್ತರ ಕೊಟ್ಟು, ಬೇಕಾದ ಅಂಕಿಗಳೆಲ್ಲ ಅಂದು ಇಂಜಿನಿಯರುಗಳ ಕೈಯಲ್ಲಿರಲಿಲ್ಲವೆಂದು ವಾದಿಸಿದರು. ಈ ವಾದವಿವಾದವೂ ವಿದ್ಯಾರ್ಥಿಗಳಿಗೆ ಪಾಠವೇ ಆಗಿದೆ. ಹೇಳುವವನಿಗೆ ಸ್ಪಷ್ಟವಾಗಿ ಹೇಳುವ ಧರ್ಮವಿರುವಂತೆ ಕೇಳುವವನಿಗೂ ತಾಳ್ಮೆಯಿಂದ ಕೇಳುವ ಧರ್ಮವುಂಟು. ಒಬ್ಬನ ತಪ್ಪಿನಿಂದ ಇನ್ನೊಬ್ಬನ ಹೊಣೆ ಕಳೆಯುವುದಿಲ್ಲ.

ಹದಿನೇಳು ವರ್ಷಗಳ ಅನಂತರ ಇನ್ನೊಂದು ದುರಂತ ಸಂಭವಿಸಿತು. 2003ರ ಜನವರಿ 16ರಂದು ‘ಕೊಲಂಬಿಯಾ’ ನೌಕೆ ಮೇಲೇರುವಾಗ ಇಂಧನದ ತೊಟ್ಟಿಯಿಂದ ಕಳಚಿದ ನೊರೆಪದಾರ್ಥದ ತುಂಡೊಂದು ಅದರ ಎಡರೆಕ್ಕೆಗೆ ಬಡಿಯಿತು. ನೌಕೆಯು ಇನ್ನೂ ಅಂತರಿಕ್ಷದಲ್ಲಿರುವಾಗಲೇ ಇಂಜಿನಿಯರುಗಳ ತಂಡವೊಂದು ಈ ಪೆಟ್ಟಿನ ಪರಿಣಾಮವನ್ನು ಕುರಿತು ವರದಿ ಒಪ್ಪಿಸಿತು. ಅದರ ಒಂದು ಪುಟದ ತಲೆಬರಹವು ಧೈರ್ಯ ಹುಟ್ಟಿಸುವಂತಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ತುಂಡಿಗಿಂತ ಈಗ ಬಡಿದ ತುಂಡು ಗಾತ್ರದಲ್ಲಿ ಸುಮಾರು 640 ಪಟ್ಟು ದೊಡ್ಡದು ಎಂಬ ಅತಿಮುಖ್ಯ ಸಂಗತಿಯು ಆ ಪುಟದ ಅಡಿಯಲ್ಲಿ, ಕಿರಿದಾದ ಸಾಲಿನಲ್ಲಿ ಅಡಗಿತ್ತು. ಫೆಬ್ರವರಿ 1ರಂದು ಭೂಮಿಗೆ ಹಿಂದಿರುಗುವಾಗ ಕೊಲಂಬಿಯಾ ಛಿದ್ರವಾಯಿತು. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿ ಗಗನಯಾತ್ರಿಗಳು ಅಸುನೀಗಿದರು. ತನಿಖಾ ಮಂಡಲಿಯು ತನ್ನ ವರದಿಯಲ್ಲಿ ಆ ಪುಟವನ್ನೂ ವಿಮರ್ಶೆಗೆ ಎತ್ತಿಕೊಂಡಿತು.

ರೋಜರ್ ಬೋಜೊಲೆಯವರು ಥಯೋಕಾಲ್ ಸಂಸ್ಥೆಯನ್ನು ಬಿಟ್ಟ ಮೇಲೆ ವಿಶ್ವವಿದ್ಯಾನಿಲಯಗಳಿಗೆ ಹೋಗಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆ ರಾತ್ರಿಯ ವೃತ್ತಾಂತವನ್ನು ಹೇಳುತ್ತಿದ್ದರು. ವೈಜ್ಞಾನಿಕ ಸ್ವಾತಂತ್ರ್ಯ ಮತ್ತು ಹೊಣೆಗಾರಿಕೆಗಾಗಿ ಅಮೆರಿಕಾದ ವಿಜ್ಞಾನಾಭಿವೃದ್ಧಿ ಸಂಘವು 1988ರಲ್ಲಿ ಅವರನ್ನು ಗೌರವಿಸಿತು. 2012ರಲ್ಲಿ ಅವರು ನಿಧನರಾದರು.

ವಾಗ್ಮಿತಾಶಾಸ್ತ್ರವು ವಿಜ್ಞಾನದ ವಿದ್ಯಾರ್ಥಿಗೆ ಕಲಿಸುವುದು ಮಾತಿನ ಬೆಡಗನ್ನಲ್ಲ. ನಿರ್ಧರಿಸಬೇಕಾದವರು ಯಾರು, ಅವರ ಮನಸ್ಸಿನಲ್ಲಿರುವ ಪ್ರಶ್ನೆ ಯಾವುದು, ಯಾವ ಸಂಗತಿ ಮೊದಲು ಬರಬೇಕು, ಸಂಗತಿಗೂ ತೀರ್ಮಾನಕ್ಕೂ ಇರುವ ಕೊಂಡಿ ಎಲ್ಲರಿಗೂ ಕಾಣುತ್ತಿದೆಯೆ ಎಂದು ವಿಚಾರಿಸುವ ಅಭ್ಯಾಸವನ್ನು ಅದು ಬೆಳೆಸುತ್ತದೆ. ಸತ್ಯವನ್ನು ಕಂಡುಹಿಡಿಯುವುದು ವಿಜ್ಞಾನಿಯ ಮೊದಲ ಕರ್ತವ್ಯ. ಕಂಡ ಸತ್ಯವು ತಕ್ಕ ಕಾಲದಲ್ಲಿ ತಕ್ಕವರ ಕಣ್ಣಿಗೆ ಬೀಳುವಂತೆ ಮಾಡುವುದು ಅದಕ್ಕಿಂತ ಕಡಿಮೆಯದಲ್ಲದ ಎರಡನೆಯ ಕರ್ತವ್ಯ.

ಅಭ್ಯಾಸ

1. ವಾಗ್ಮಿತೆಯ ವಿಷಯದಲ್ಲಿ ಪ್ಲೇಟೋ ಮತ್ತು ಅರಿಸ್ಟಾಟಲರ ಅಭಿಪ್ರಾಯಗಳಲ್ಲಿರುವ ವ್ಯತ್ಯಾಸವೇನು?
2. ವಾದದ ಮೂರು ಅಂಗಗಳನ್ನು ನಿಮ್ಮದೇ ಆದ ಉದಾಹರಣೆಯಿಂದ ವಿವರಿಸಿ.
3. ಹಾನಿಯಾಗದ ಹಾರಾಟಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಏಕೆ ಅವಶ್ಯಕವಾಗಿತ್ತು?
4. ‘ರುಜುವಾತಿನ ಹೊಣೆ ತಲೆಕೆಳಗಾಯಿತು’ ಎಂಬ ಮಾತಿನ ಅರ್ಥವೇನು?
5. ಹೇಳುವವನ ಧರ್ಮ ಮತ್ತು ಕೇಳುವವನ ಧರ್ಮ — ಇವನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.