ಸ್ಕೂಟರ್ ಕೊಳ್ಳುವ ಮುನ್ನ ಕರೆಂಟ್ ಬಿಲ್ ನೋಡಿ

ಲಕ್ಷದೊಳಗಿನ ಎಲೆಕ್ಟ್ರಿಕ್ ಸ್ಕೂಟರ್ ಸಾಕೋ, ಒಂದೂವರೆ ಲಕ್ಷದ ಆಸುಪಾಸಿನದಕ್ಕೆ ಕೈ ಹಾಕಬೇಕೋ ಎಂದು ಲೆಕ್ಕ ಹಾಕುತ್ತಿರುವವರು ನಮ್ಮ ವಿಜಯನಗರದ ಕಡೆ ಈಗ ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ಓಡುತ್ತೆ?’ ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸುವವರಿಗೆ ಆ ಪ್ರಶ್ನೆಯಿಂದ ಏನೂ ಇತ್ಯರ್ಥವಾಗುವುದಿಲ್ಲ. 2.2 ಕಿಲೋವ್ಯಾಟ್ ಅವರ್ ಬ್ಯಾಟರಿಯೂ ಅಷ್ಟು ಓಡುತ್ತದೆ, 3.5ರದ್ದೂ ಓಡುತ್ತದೆ.

ನಾನು ಕೊಂಡದ್ದು ದುಬಾರಿಯದನ್ನೇ. ಆನ್‌ರೋಡ್ ₹1,46,000. ಆರ್‌ಪಿಸಿ ಲೇಔಟ್‌ನಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ, ಕಚೇರಿ ಪೀಣ್ಯದಲ್ಲಿ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಹೋಗಿಬರುತ್ತಿದ್ದೆ. 2025ರ ಫೆಬ್ರವರಿ 9ರಿಂದ ಮೆಟ್ರೋ ದರ ಏರಿತು, ಗರಿಷ್ಠ ದರ ₹60 ಇದ್ದದ್ದು ₹90 ಆಯಿತು. ಅಲ್ಲಿಂದಲೇ ಮನೆಯಲ್ಲಿ ಸ್ಕೂಟರ್ ಮಾತು ಶುರುವಾಯಿತು. ಕಾರ್ಡ್ ರೋಡ್ ಹಿಡಿದು ಯಶವಂತಪುರ, ಗೊರಗುಂಟೆಪಾಳ್ಯ ದಾಟಿ ಪೀಣ್ಯ ಸೇರಿ ವಾಪಸಾಗುವುದು, ಸಂಜೆಯ ಸಣ್ಣಪುಟ್ಟ ಓಡಾಟ, ಎಲ್ಲ ಸೇರಿ ದಿನಕ್ಕೆ 30 ಕಿ.ಮೀ. ತಿಂಗಳಿಗೆ 750, ವರ್ಷಕ್ಕೆ 9,000.

ನನ್ನ ಕೈಯಲ್ಲಿ ಎರಡು ಕೊಟೇಶನ್ ಇದ್ದವು. ಅಗ್ಗದ್ದು ₹98,000, ಬ್ಯಾಟರಿಗೆ 3 ವರ್ಷ ಅಥವಾ 30,000 ಕಿ.ಮೀ. ವಾರಂಟಿ. ಇನ್ನೊಂದಕ್ಕೆ 8 ವರ್ಷ ಅಥವಾ 80,000 ಕಿ.ಮೀ. ನನ್ನ ಓಡಾಟಕ್ಕೆ ಎರಡರಲ್ಲೂ ವರ್ಷದ ಮಿತಿಯೇ ಮೊದಲು ಮುಗಿಯುತ್ತದೆ. ಅಂದರೆ ವಾರಂಟಿಯ ಒಂದೊಂದು ವರ್ಷಕ್ಕೆ ಅಗ್ಗದ ಗಾಡಿಯಲ್ಲಿ ₹32,667 ಬೀಳುತ್ತದೆ, ದುಬಾರಿಯದರಲ್ಲಿ ₹18,250. ವಾರಂಟಿ ಮುಗಿದ ಮರುದಿನವೇ ಬ್ಯಾಟರಿ ಸಾಯುವುದಿಲ್ಲ, ನಿಜ. ಆದರೆ ನಾಲ್ಕನೇ ವರ್ಷ ಅದು ಕೈಕೊಟ್ಟರೆ ಖರ್ಚು ಪೂರ್ತಿ ನಿಮ್ಮದು, ಮತ್ತು ಇಡೀ ಗಾಡಿಯಲ್ಲಿ ಅತಿ ದುಬಾರಿ ಭಾಗವೇ ಅದು. ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಬದಲಿಸಿ ಕೊಡುತ್ತೀರೋ, ಪೂರ್ತಿ ಕೆಟ್ಟರೆ ಮಾತ್ರವೋ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಾಯಿಮಾತು ಬೇಡ.

ಸಬ್ಸಿಡಿಯ ಆಸೆಗೆ ದೊಡ್ಡ ಬ್ಯಾಟರಿ ಕೊಳ್ಳುವ ಕಾಲ ಮುಗಿಯಿತು. ಫೇಮ್-2 ಯೋಜನೆಯಲ್ಲಿ ಕಿಲೋವ್ಯಾಟ್ ಅವರ್‌ಗೆ ₹15,000 ಇತ್ತು, 2023ರ ಜೂನ್‌ನಲ್ಲಿ ₹10,000ಕ್ಕೆ ಇಳಿಸಿದರು. ಪಿಎಂ ಇ-ಡ್ರೈವ್ ಬಂದ ಮೇಲೆ ₹5,000, 2025ರ ಏಪ್ರಿಲ್‌ನಿಂದ ₹2,500, ಅದೂ ಗಾಡಿಗೆ ₹5,000ದ ಮಿತಿಯೊಳಗೆ. ಎರಡು ಕಿಲೋವ್ಯಾಟ್ ಅವರ್ ದಾಟಿದ ಮೇಲೆ ಬ್ಯಾಟರಿ ಎಷ್ಟೇ ದೊಡ್ಡದಿದ್ದರೂ ಸಿಗುತ್ತಿದ್ದದ್ದು ಅಷ್ಟೇ. ಈ ನಡುವೆ 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್ ಸ್ಕೂಟರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹಾಗಾಗಿ ಪೆಟ್ರೋಲ್ ಗಾಡಿಯನ್ನೂ ಪಟ್ಟಿಯಿಂದ ಹೊಡೆದುಹಾಕಬೇಡಿ.

ಇನ್ನು ಮೀಟರಿನ ವಿಚಾರ. ಶೋರೂಮಿನಲ್ಲಿ ಇದನ್ನು ಯಾರೂ ಎತ್ತಲಿಲ್ಲ.

‘ಗೃಹಜ್ಯೋತಿ ಇದೆಯಲ್ಲ ಸಾರ್, ಚಾರ್ಜಿಂಗ್ ಫ್ರೀ’ ಎಂದು ಸೇಲ್ಸ್ ಹುಡುಗ ಹೇಳಿದ. ಅರ್ಧ ಸತ್ಯ. ರಾಜ್ಯ ಸರ್ಕಾರದ ಆ ಯೋಜನೆಯಲ್ಲಿ 200 ಯುನಿಟ್ ಎಲ್ಲರಿಗೂ ಉಚಿತವಲ್ಲ. 2022-23ರಲ್ಲಿ ಆ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ ಅರ್ಹತೆ ನಿಗದಿ ಮಾಡಿದ್ದಾರೆ. ಅರ್ಹತೆ ಮೀರಿ 200ರೊಳಗಿದ್ದರೆ ಮೀರಿದ ಯುನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದೇ.

ನಮ್ಮ ಮನೆಯ ಅರ್ಹತೆ 170 ಯುನಿಟ್. ಸಾಮಾನ್ಯ ತಿಂಗಳಲ್ಲಿ ಬಳಕೆ 140ರ ಹತ್ತಿರ. ಸ್ಕೂಟರ್ 750 ಕಿ.ಮೀ. ಓಡಲು ಚಾರ್ಜರ್‌ನಲ್ಲಿ ಸೋರುವುದೂ ಸೇರಿ 26 ಯುನಿಟ್ ಎಳೆಯುತ್ತದೆ. 140ಕ್ಕೆ 26 ಸೇರಿಸಿದರೆ 166. ಬಿಲ್ ಸೊನ್ನೆ. ಹುಡುಗ ಹೇಳಿದ್ದು ಇಲ್ಲಿಯವರೆಗೆ ಸರಿ.

ಏಪ್ರಿಲ್ ಬರಲಿ. ಫ್ಯಾನು ಹಗಲೂ ರಾತ್ರಿ ತಿರುಗುತ್ತದೆ, ಕೂಲರ್ ಅಟ್ಟದಿಂದ ಇಳಿಯುತ್ತದೆ, ಬಳಕೆ 178 ಮುಟ್ಟುತ್ತದೆ. ಸ್ಕೂಟರ್ ಇಲ್ಲದಿದ್ದರೆ ಹೆಚ್ಚಾದ 8 ಯುನಿಟ್‌ಗೆ ಕೊಡಬೇಕಾದದ್ದು ಐವತ್ತು ಚಿಲ್ಲರೆ ರೂಪಾಯಿ. ಸ್ಕೂಟರ್ ಸೇರಿದರೆ 204. ನಾಲ್ಕೇ ನಾಲ್ಕು ಯುನಿಟ್ ಗೆರೆ ದಾಟಿತು. ಯುನಿಟ್‌ಗೆ 2025-26ರ ದರದಂತೆ ₹5.80, ಮೇಲೆ 36 ಪೈಸೆ ಸರ್ಚಾರ್ಜ್, ಶೇ 9 ತೆರಿಗೆ, ಒಟ್ಟು ಸುಮಾರು ₹6.70. ಅದನ್ನು 204ರಿಂದ ಗುಣಿಸಿದರೆ ₹1,367. ಎರಡು ಕಿಲೋವ್ಯಾಟ್ ಲೋಡಿಗೆ ತಲಾ ₹145ರಂತೆ ನಿಗದಿತ ಶುಲ್ಕ ₹290. ಮೊತ್ತ ₹1,657. ಸ್ಕೂಟರಿನಿಂದಾಗಿ ಹೆಚ್ಚಾದದ್ದು ₹1,600.

ಅದೇ 750 ಕಿಲೋಮೀಟರನ್ನು ಲೀಟರಿಗೆ 45 ಕೊಡುವ ಪೆಟ್ರೋಲ್ ಸ್ಕೂಟರಿನಲ್ಲಿ ಓಡಿಸಿದ್ದರೆ 16.7 ಲೀಟರ್, ಲೀಟರಿಗೆ ₹103ರಂತೆ ₹1,720. ಆ ತಿಂಗಳು ಎಲೆಕ್ಟ್ರಿಕ್ ಗಾಡಿ ಉಳಿಸಿಕೊಟ್ಟದ್ದು ₹120. ಅಗ್ಗದ ಗಾಡಿ ಕೊಂಡಿದ್ದರೂ ಈ ಲೆಕ್ಕ ಹೆಚ್ಚುಕಮ್ಮಿ ಇಷ್ಟೇ. ಕಿಲೋಮೀಟರಿಗೆ ಬೇಕಾಗುವ ಕರೆಂಟ್ ಎರಡಕ್ಕೂ ಹತ್ತಿರಹತ್ತಿರ ಒಂದೇ.

ಬಾಡಿಗೆದಾರರಿಗೆ ಇನ್ನೊಂದು ತೊಡಕಿದೆ. ನನ್ನ ಗಾಡಿಯ ಬ್ಯಾಟರಿ ಹೊರಗೆ ಬರುವುದಿಲ್ಲ, ಪಾರ್ಕಿಂಗ್‌ನಲ್ಲೇ ಪ್ಲಗ್ ಬೇಕು. ಕೆಳಗಿದ್ದ ಪ್ಲಗ್ ಓನರ್ ಆಂಟಿಯ ಮೀಟರಿನದು. ‘ನಿಮ್ಮ ಮೀಟರ್‌ನಿಂದಲೇ ವೈರ್ ಎಳೆಸ್ಕೊಳ್ಳಿ, ನಮ್ದಕ್ಕೆ ಮಾತ್ರ ಹಾಕ್ಬೇಡಿ. ನಮ್ಗೂ ಇನ್ನೂರರ ಒಳಗೇ ಇರ್ಬೇಕಲ್ವಾ?’ ಎಂದರು. ಅವರ ಮಾತು ನ್ಯಾಯವಾದದ್ದು. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಲ್ಲಿ ನಮ್ಮ ಆರ್‌ಆರ್ ನಂಬರ್ ಬರೆದ ಮೀಟರಿನಿಂದ ಗೋಡೆಗುಂಟ ಪೈಪ್ ಹಾಕಿಸಿ, 16 ಆಂಪಿಯರ್ ಸಾಕೆಟ್, ಎಂಸಿಬಿ, ಬೀಗದ ಡಬ್ಬಿ, ಅರ್ಥಿಂಗ್ ಎಲ್ಲ ಮಾಡಿಸುವ ಹೊತ್ತಿಗೆ ಆರು ಸಾವಿರ ಆಯಿತು. ಅಗ್ಗದ ಕೆಲವು ಗಾಡಿಗಳ ಬ್ಯಾಟರಿ ಕಳಚಿ ಮೇಲೆ ಒಯ್ಯಬಹುದು. ಆ ಭಾರ ಹೊತ್ತು ಮೂರು ಮಹಡಿ ಹತ್ತುವ ಶಕ್ತಿ ಇದ್ದು, ಓನರ್ ವೈರಿಂಗ್‌ಗೆ ಒಪ್ಪದಿದ್ದರೆ, ಕಣ್ಣುಮುಚ್ಚಿ ಅಗ್ಗದ್ದನ್ನೇ ಕೊಳ್ಳಿ. ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ಓಡಿಸುವವರಿಗೂ ಅದೇ ಸಾಕು.

ಆದರೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ ಎಂದು ಐವತ್ತು ಅರವತ್ತು ಸಾವಿರಕ್ಕೆ ಮಾರುವ ಗಾಡಿಗಳಿವೆಯಲ್ಲ, ಅವನ್ನು ಈ ಹೋಲಿಕೆಯೊಳಗೆ ತರಲೇಬೇಡಿ. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್‌ನೊಳಗಿನ ಮೋಟಾರಿನ ಗಾಡಿಗೆ ಮಾತ್ರ ಆ ವಿನಾಯಿತಿ. ‘ಸ್ಪೀಡ್ ಲಾಕ್ ತೆಗೆದುಕೊಡ್ತೀವಿ’ ಎಂದು ಅಂಗಡಿಯವನು ಕಿವಿಯಲ್ಲಿ ಹೇಳಿದರೆ, ಆ ಲಾಕ್ ಹೋದ ಕ್ಷಣದಿಂದ ನೀವು ನೋಂದಣಿ, ಇನ್ಶೂರೆನ್ಸ್ ಎರಡೂ ಇಲ್ಲದ ಮೋಟಾರು ವಾಹನ ಓಡಿಸುತ್ತಿದ್ದೀರಿ. ಯಾರಿಗಾದರೂ ಗುದ್ದಿದರೆ ಪರಿಹಾರ ನಿಮ್ಮ ಜೇಬಿನಿಂದ. ಎಷ್ಟೋ ಗಾಡಿಗಳಲ್ಲಿ ಇನ್ನೂ ಲೆಡ್ ಆಸಿಡ್ ಬ್ಯಾಟರಿ. ಮಕ್ಕಳನ್ನು ಟ್ಯೂಷನ್ನಿಗೆ ಬಿಡಲು ಇಂಥದ್ದರಲ್ಲಿ ಮುಂದೊಂದು, ಹಿಂದೊಂದು ಮಗು ಕೂರಿಸಿಕೊಂಡು ಹೋಗುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಇಪ್ಪತ್ತು ಸಾವಿರದ ಮೊಬೈಲಿಗೆ ವಾರಗಟ್ಟಲೆ ರಿವ್ಯೂ ನೋಡುವ ನಾವು ಒಂದೂವರೆ ಲಕ್ಷದ ಗಾಡಿಯನ್ನು ಹಬ್ಬದ ಆಫರ್ ಮುಗಿಯುತ್ತದೆಂದು ಒಂದೇ ಮಧ್ಯಾಹ್ನದಲ್ಲಿ ಬುಕ್ ಮಾಡುತ್ತೇವೆ. ಬಿಲ್ ಸೊನ್ನೆ ಬರಲು ಶುರುವಾದ ಮೇಲಂತೂ ಅದರಲ್ಲಿ ಯುನಿಟ್ ಎಷ್ಟಿದೆ ಎಂದು ತಿರುಗಿ ನೋಡುವ ಅಭ್ಯಾಸವೇ ಹೋಗಿದೆ. ಹೋದ ಮಾರ್ಚ್, ಏಪ್ರಿಲ್, ಮೇ ತಿಂಗಳ ಬಿಲ್ ಹುಡುಕಿ ತೆಗೆಯಿರಿ. ಸಿಗದಿದ್ದರೆ ಬೆಸ್ಕಾಂ ಆ್ಯಪ್‌ನಲ್ಲಿ ನೋಡಿ. ಆ ಮೂರು ಅಂಕಿಗೂ ನಿಮ್ಮ ಸ್ಕೂಟರ್ ಎಳೆಯುವ ಯುನಿಟ್ ಸೇರಿಸಿ. ಎಲ್ಲಾದರೂ 200 ದಾಟುತ್ತಿದ್ದರೆ, ಶೋರೂಮಿಗೆ ಹೋಗುವ ಮೊದಲು ಕಚೇರಿಯಲ್ಲಿ ಒಂದು ಪ್ಲಗ್ ಸಿಗುತ್ತದೆಯೇ ಎಂದು ಕೇಳಿ. ಬುಕ್ ಮಾಡುವ ಮೊದಲೇ ನಾನು ಕೇಳಿದೆ. ಸೆಕ್ಯೂರಿಟಿ ಕೊಠಡಿಯ ಪಕ್ಕದ ಪ್ಲಗ್ಗಿಗೆ ಬೇಸಿಗೆಯಲ್ಲಿ ವಾರಕ್ಕೆ ಎರಡು ದಿನ ಹಾಕಿಕೊಳ್ಳಲು ಮ್ಯಾನೇಜರ್ ಒಪ್ಪಿದ್ದಾರೆ.