ರೊಕ್ಕ ಬಂತೇ? ಮೊದಲು ನೋಡಿ, ಆಮೇಲೆ ಮಾಲು ಕೊಡಿ

ದೀಪಾವಳಿಯ ಹಿಂದಿನ ಸಂಜೆ. ಹುಬ್ಬಳ್ಳಿಯ ನಮ್ಮ ಮಿಠಾಯಿ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ತಮ್ಮ ತೂಕ ಮಾಡುತ್ತಿದ್ದ, ನಾನು ಗಲ್ಲಾದ ಮೇಲೆ ಕೂತಿದ್ದೆ. ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಬಂದು ಮೂರು ಕಿಲೊ ಪೇಡೆ, ಎರಡು ಕಿಲೊ ಚೂಡಾ ಕಟ್ಟಿಸಿಕೊಂಡ. "ಕಾಕಾ, ರೊಕ್ಕ ಹಾಕೇನ್ರಿ, ನೋಡ್ರಿಲ್ಲೆ" ಎಂದು ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಹಸಿರು ಟಿಕ್ ಮಾರ್ಕು, ನಮ್ಮ ಅಂಗಡಿಯ ಹೆಸರು, ಮೊತ್ತ ಎಲ್ಲ ಸರಿಯಾಗಿಯೇ ಇತ್ತು. "ಆತು, ಹೋಗಿ ಬಾರಪ್ಪ" ಎಂದೆ. ರಾತ್ರಿ ಹನ್ನೊಂದಕ್ಕೆ ಲೆಕ್ಕ ಕೂಡಿಸಿದಾಗ ಆ ರೊಕ್ಕ ಖಾತೆಯಲ್ಲಿ ಎಲ್ಲೂ ಇರಲಿಲ್ಲ.

ಹೋದದ್ದು ಎರಡು ಸಾವಿರ ರೂಪಾಯಿಯ ಮಾಲು. ನೂರಕ್ಕೆ ಹತ್ತು ರೂಪಾಯಿ ಉಳಿಯುವ ವ್ಯಾಪಾರದಲ್ಲಿ ಅಷ್ಟನ್ನು ಮತ್ತೆ ಗಳಿಸಬೇಕೆಂದರೆ ಇಪ್ಪತ್ತು ಸಾವಿರದ ಮಾಲು ಮಾರಬೇಕು. ದೊಡ್ಡ ಅಂಗಡಿಗಳಿಗೆ ಕ್ಯಾಮೆರಾ, ಕಾವಲುಗಾರ, ಲೆಕ್ಕಿಗ ಎಲ್ಲ ಇರುತ್ತಾರೆ. ನಮ್ಮಂಥವರಿಗೆ ಇರುವುದು ನಮ್ಮ ಎರಡು ಕಣ್ಣು ಮಾತ್ರ. ಅದಕ್ಕೇ ಅಂದಿನಿಂದ ಕಲಿತದ್ದನ್ನೆಲ್ಲ ಹೊಸದಾಗಿ ಅಂಗಡಿ ಇಟ್ಟವರಿಗಾಗಿ ಇಲ್ಲಿ ಬರೆದಿದ್ದೇನೆ.

ಹಂತ 1: ಎಲ್ಲರಿಗೂ ಒಂದೇ ನಿಯಮ ಮಾಡಿ

ಮುಖ ನೋಡಿ ಕಳ್ಳನನ್ನು ಗುರುತಿಸುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಮೋಸ ಮಾಡಲು ಬರುವವನು ನಮ್ಮ ಮಾಮೂಲಿ ಗಿರಾಕಿಗಿಂತ ಹೆಚ್ಚು ನಯವಾಗಿ ಮಾತಾಡುತ್ತಾನೆ. ಮಾಸಿದ ಅಂಗಿ ತೊಟ್ಟ ಪಾಪದವರನ್ನು ಅನುಮಾನಿಸಿ, ಇಸ್ತ್ರಿ ಅಂಗಿಯವನನ್ನು ಬಿಟ್ಟುಬಿಡುವ ತಪ್ಪು ಆಗುವುದು ಹೀಗೆಯೇ.

ಆದ್ದರಿಂದ ಗಿರಾಕಿಯ ಗೊಡವೆ ಬಿಡಿ, ವ್ಯವಹಾರವನ್ನು ಪರೀಕ್ಷಿಸಿ. "ಹಣ ಬಂದದ್ದು ಖಾತ್ರಿಯಾದ ಮೇಲೆ ಮಾಲು" ಎಂದು ದಪ್ಪ ಅಕ್ಷರದಲ್ಲಿ ಬರೆದು ಗಲ್ಲಾದ ಮುಂದೆ ಅಂಟಿಸಿ. ಪಕ್ಕದ ಮನೆಯವರಿಗೂ, ಮೊದಲ ಸಲ ಬಂದವರಿಗೂ ಅದೇ ನಿಯಮ. ಎಲ್ಲರಿಗೂ ಒಂದೇ ಎಂದಾಗ ಯಾರಿಗೂ ಅವಮಾನವಾಗುವುದಿಲ್ಲ, ನಿಮಗೂ ಕೇಳಲು ಮುಜುಗರವಿರುವುದಿಲ್ಲ.

ಹಂತ 2: ಅವರ ಫೋನ್ ಬೇಡ, ನಿಮ್ಮ ಫೋನ್ ನೋಡಿ

ಆ ಹುಡುಗ ನನಗೆ ತೋರಿಸಿದ್ದು ನಕಲಿ ಆ್ಯಪ್. ಅಂಗಡಿಯ ಹೆಸರು, ಮೊತ್ತ ಹೊಡೆದರೆ ಸಾಕು, ಅಸಲಿಯಂತೆಯೇ ಟಿಕ್ ಮಾರ್ಕು ಮೂಡಿಸುತ್ತದೆ, ಸದ್ದನ್ನೂ ಮಾಡುತ್ತದೆ. ಹಳೆಯ ಸ್ಕ್ರೀನ್‌ಶಾಟ್‌ನ ತಾರೀಖು ತಿದ್ದಿ ತೋರಿಸುವವರೂ ಇದ್ದಾರೆ. ಗಿರಾಕಿಯ ಪರದೆ ಎಷ್ಟೇ ಹಸಿರಾಗಿದ್ದರೂ ಅದು ಸಾಕ್ಷಿಯಲ್ಲ.

ಸಾಕ್ಷಿ ಇರುವುದು ನಿಮ್ಮ ಖಾತೆಯಲ್ಲಿ. ಸೌಂಡ್ ಬಾಕ್ಸ್ ಇದ್ದರೆ ಅದು ಹೇಳುವ ಮೊತ್ತವನ್ನು ಪೂರ್ತಿ ಕೇಳಿಸಿಕೊಳ್ಳಿ. 1,200 ಆಗಬೇಕಾದಲ್ಲಿ 120 ಎಂದು ಕೂಗಿದರೂ ಗದ್ದಲದಲ್ಲಿ ಗೊತ್ತಾಗುವುದಿಲ್ಲ. ಹಬ್ಬದ ದಿನ ಬಾಕ್ಸನ್ನು ಗಲ್ಲಾದ ಕೆಳಗೆ ಇಡಬೇಡಿ, ಕಿವಿಯ ಎತ್ತರಕ್ಕೆ ಇಡಿ; ಚಾರ್ಜ್ ಬೆಳಿಗ್ಗೆಯೇ ನೋಡಿಕೊಳ್ಳಿ. ನನ್ನ ಬಾಕ್ಸ್ ಅಂದು ಸಂಜೆ ಏಳಕ್ಕೇ ಚಾರ್ಜ್ ಮುಗಿದು ಸುಮ್ಮನಾಗಿತ್ತು. ಅನುಮಾನ ಬಂದರೆ ನಿಮ್ಮ ಆ್ಯಪ್ ತೆರೆದು ಪಾವತಿಗಳ ಪಟ್ಟಿ ನೋಡಿ. ಪ್ರತಿ ಯುಪಿಐ ಪಾವತಿಗೂ 12 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಇಬ್ಬರ ಫೋನಿನಲ್ಲೂ ಒಂದೇ ಆಗಿರಬೇಕು. ಎಸ್‌ಎಂಎಸ್ ಒಂದನ್ನೇ ನಂಬಬೇಡಿ. ಹತ್ತು ಅಂಕಿಗಳ ಮೊಬೈಲ್ ನಂಬರಿನಿಂದ "ನಿಮ್ಮ ಖಾತೆಗೆ ಜಮಾ ಆಗಿದೆ" ಎಂಬ ಸಂದೇಶ ಬಂದರೆ ಅದು ಬ್ಯಾಂಕಿನದಲ್ಲ.

ಇಲ್ಲಿ ಒಂದು ಮಾತು. ನಿಜವಾಗಿಯೂ ರೊಕ್ಕ ಕಳಿಸಿದ ಪ್ರಾಮಾಣಿಕರ ಪಾವತಿಯೂ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥವರ ಮೇಲೆ ರೇಗಬೇಡಿ. ಅಂಗಡಿಗೆ ತಲುಪದ ಯುಪಿಐ ಹಣ ಐದು ದಿನದೊಳಗೆ ಗಿರಾಕಿಯ ಖಾತೆಗೆ ತಾನಾಗಿ ಮರಳಬೇಕೆಂದು 2019ರಲ್ಲೇ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದನ್ನು ತಿಳಿಸಿ, ಈಗ ಬೇರೆ ರೀತಿಯಲ್ಲಿ ಕೊಡಿ ಎಂದು ಸಮಾಧಾನದಿಂದ ಕೇಳಿ.

ಹಂತ 3: ಬಾಗಿಲು ತೆಗೆದ ಕೂಡಲೇ ಕ್ಯೂಆರ್ ಕೋಡ್ ಪರೀಕ್ಷಿಸಿ

2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಕ್ಯೂಆರ್ ಕೋಡ್ ಮೇಲೆ ಬೇರೆ ಕೋಡ್ ಅಂಟಿಸಿ ಹೋಗಿದ್ದರು. ಮರುದಿನ ಗಿರಾಕಿಗಳು ಕೊಟ್ಟ ರೊಕ್ಕ ಕಳ್ಳರ ಖಾತೆಗೆ ಹೋಯಿತು. ದಿನಾ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಮನೆಯವರೊಬ್ಬರ ಫೋನಿನಿಂದ ಒಂದು ರೂಪಾಯಿ ಹಾಕಿ ನೋಡಿ. ಸ್ಟಿಕ್ಕರ್ ಮೇಲೆ ಉಗುರಾಡಿಸಿದರೆ ಎರಡು ಪದರವಿದೆಯೇ ಎಂದು ತಿಳಿಯುತ್ತದೆ. ರಾತ್ರಿ ಬಾಗಿಲು ಹಾಕುವಾಗ ಹೊರಗಿನ ಸ್ಟ್ಯಾಂಡನ್ನು ಒಳಗಿಡಿ.

ಹಂತ 4: ರೊಕ್ಕ ಪಡೆಯಲು ಪಿನ್ ಒತ್ತಬೇಡಿ

ಈ ಹಂತವನ್ನು ದಯವಿಟ್ಟು ಎರಡು ಸಲ ಓದಿ.

ನಮ್ಮ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬಳಿದ್ದಾಳೆ. ಒಂದು ಮಧ್ಯಾಹ್ನ ಅವಳಿಗೆ ಹಿಂದಿಯಲ್ಲಿ ಫೋನ್ ಬಂತು. ತಾನು ಸೈನಿಕ, ಬೆಳಗಾವಿಯ ಕ್ಯಾಂಪಿನಿಂದ ಮಾತಾಡುತ್ತಿದ್ದೇನೆ, ನಾಳೆ ಬೆಳಿಗ್ಗೆಗೆ ಇನ್ನೂರು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬೇಕು ಎಂದ. ದರ ಎಷ್ಟೆಂದು ಕೇಳಲಿಲ್ಲ. ಅವಳು ಕೇಳದಿದ್ದರೂ ಗುರುತಿನ ಚೀಟಿಯ ಫೋಟೊ, ಸಮವಸ್ತ್ರದ ಫೋಟೊ ಎರಡನ್ನೂ ಕಳಿಸಿದ. ಅಕ್ಕ ನಸುಕಿನ ಮೂರಕ್ಕೆ ಎದ್ದು ಒಲೆ ಹಚ್ಚಿದಳು. ರೊಟ್ಟಿ ಬಡಿದು, ಹದಿನೈದರಂತೆ ಜೋಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಳು. ಎಂಟಕ್ಕೆ ಮತ್ತೆ ಫೋನ್. "ಗಾಡಿ ಹೊರಟಿದೆ. ನಮ್ಮಲ್ಲಿ ಪಾವತಿಗೆ ಬೇರೆ ಪದ್ಧತಿ. ನಾನು ಕಳಿಸುವ ಕೋಡ್ ಸ್ಕ್ಯಾನ್ ಮಾಡಿ, ಐದು ರೂಪಾಯಿ ಹಾಕಿ, ನಿಮಗೆ ಹತ್ತು ಬರುತ್ತದೆ." ಹಾಕಿದಳು, ಹತ್ತು ಬಂತು. ನಂಬಿಕೆ ಹುಟ್ಟಿತು. "ಈಗ ಎಂಟು ಸಾವಿರ ಹೊಡೆದು ಪಿನ್ ಒತ್ತಿ, ಪೂರ್ತಿ ರೊಕ್ಕ ಬರುತ್ತದೆ" ಎಂದ. ಒತ್ತಿದಳು. ಎಂಟು ಸಾವಿರ ಹೋಯಿತು, ಆ ನಂಬರೂ ಬಂದ್ ಆಯಿತು. ರೊಟ್ಟಿ ಒಣಗಿದರೂ ಕೆಡುವುದಿಲ್ಲ, ವಾರವಿಡೀ ಕೂತು ಮಾರಿದಳು. ಹೋದ ಎಂಟು ಸಾವಿರ ಅವಳ ಮಗಳ ಕಾಲೇಜಿನ ಫೀ.

ಸ್ಕ್ಯಾನ್ ಮಾಡುವುದು, ಪಿನ್ ಒತ್ತುವುದು ಎರಡೂ ರೊಕ್ಕ ಕೊಡುವವರ ಕೆಲಸ. ತೆಗೆದುಕೊಳ್ಳುವವರಿಗೆ ಎರಡೂ ಬೇಕಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ "ಕಲೆಕ್ಟ್ ರಿಕ್ವೆಸ್ಟ್" ಸೌಲಭ್ಯವನ್ನು 2025ರ ಅಕ್ಟೋಬರ್‌ನಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ನಿಲ್ಲಿಸಿತು. ಆದರೆ ಕೋಡ್ ಕಳಿಸಿ ಪಿನ್ ಒತ್ತಿಸುವವರಿಗೆ ಅದರಿಂದ ಅಡ್ಡಿಯಾಗಿಲ್ಲ.

ನಮ್ಮ ಸೈನಿಕರ ಮೇಲೆ ಜನರಿಗಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡ ಮೋಸವಿದು. ನನಗೆ ತಡೆಯಲಾರದಷ್ಟು ಸಿಟ್ಟು ಬರುವುದು ಇಲ್ಲಿಯೇ. ಇಂಥ ಕರೆಯ ಗುರುತುಗಳನ್ನು ನೆನಪಿಡಿ: ಚೌಕಾಸಿ ಇರುವುದಿಲ್ಲ, ಮಾಲು ನೋಡಲು ಬರುವುದಿಲ್ಲ, ಕೇಳದೆಯೇ ಗುರುತಿನ ಚೀಟಿ ಬರುತ್ತದೆ, ಎಲ್ಲದಕ್ಕೂ ಅವಸರ. ದೊಡ್ಡ ಆರ್ಡರಿಗೆ ಅರ್ಧ ಮುಂಗಡ ನಿಮ್ಮ ಕೋಡಿಗೇ ಹಾಕಲಿ. ಒಪ್ಪದಿದ್ದರೆ ಒಲೆ ಹಚ್ಚಬೇಡಿ.

ಹಂತ 5: "ಹೆಚ್ಚಿಗೆ ಹೋಗೇತ್ರಿ, ವಾಪಸ್ ಕೊಡ್ರಿ" ಎಂದರೆ

"ಐದುನೂರರ ಬದಲು ಐದು ಸಾವಿರ ಹಾಕೇನ್ರಿ" ಎಂದು ಗಾಬರಿಯಿಂದ ಹೇಳುತ್ತಾರೆ. ಮೊದಲು ನಿಮ್ಮ ಖಾತೆ ನೋಡಿ. ಬಂದೇ ಇರದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬಂದಿದ್ದರೆ ಬಂದ ಖಾತೆಗೇ ವಾಪಸ್ ಹಾಕಿ. ಬೇರೆ ನಂಬರಿಗೆ ಬೇಡ, ನಗದಾಗಿಯೂ ಬೇಡ.

"ನಾಲ್ಕು ಸಾವಿರ ಫೋನಿನಲ್ಲಿ ಹಾಕ್ತೀನಿ, ಕ್ಯಾಶ್ ಕೊಡ್ರಿ" ಎಂದು ಅಪರಿಚಿತರು ಕೇಳಿದರೂ ಇಲ್ಲ ಎನ್ನಿ. ಅದು ಬೇರೆ ಯಾರಿಗೋ ಮೋಸ ಮಾಡಿ ತಂದ ಹಣವಾಗಿದ್ದರೆ, ದೂರು ದಾಖಲಾದ ಮೇಲೆ ಹಣದ ಜಾಡು ಹಿಡಿದ ಪೊಲೀಸರು ನಿಮ್ಮ ಖಾತೆಯನ್ನೂ ತಡೆಹಿಡಿಸಬಹುದು. ಬೆವರು ಸುರಿಸಿ ಗಳಿಸಿದ ರೊಕ್ಕವೂ ಅದರ ಜೊತೆ ಸಿಕ್ಕಿಬೀಳುತ್ತದೆ. ತೆರಿಗೆಯ ಕಡೆಯಿಂದಲೂ ತೊಂದರೆಯೇ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು, ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಫಲಕ ಎದ್ದದ್ದು ನೆನಪಿರಬಹುದು. ಊರವರಿಗೆ ನಗದು ಕೊಟ್ಟು ಖಾತೆಗೆ ಹಾಕಿಸಿಕೊಂಡದ್ದೂ ನಿಮ್ಮ ವ್ಯಾಪಾರವೆಂದೇ ಕಾಣುತ್ತದೆ. ದೊಡ್ಡ ಮೊತ್ತಕ್ಕೆಲ್ಲ ಬಿಲ್ ಹರಿದುಕೊಡಿ, ಪ್ರತಿ ಇಟ್ಟುಕೊಳ್ಳಿ. ಖಾತೆ ತಡೆಹಿಡಿದರೆ ಆ ಬಿಲ್ಲೇ ನಿಮ್ಮ ಆಧಾರ. ಯಾವ ಠಾಣೆಯ ದೂರು, ಅದರ ಸಂಖ್ಯೆ ಏನೆಂದು ಬ್ಯಾಂಕಿನಿಂದ ಬರೆಸಿಕೊಂಡು, ಬಿಲ್ ಸಮೇತ ಆ ಠಾಣೆಗೆ ಲಿಖಿತವಾಗಿ ಉತ್ತರಿಸಿ.

ಹಂತ 6: ನೋಟನ್ನು ಬೆರಳಿಗೂ ಬೆಳಕಿಗೂ ಕೊಡಿ

500ರ ನೋಟು ಓರೆ ಮಾಡಿದರೆ ನಡುವಿನ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ಎಡ ಬಲ ಅಂಚುಗಳಲ್ಲಿ ಐದೈದು ಉಬ್ಬುಗೆರೆಗಳು ಬೆರಳಿಗೆ ತಾಗಬೇಕು. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿಯ ಮುಖವೂ 500 ಎಂಬ ಅಂಕಿಯೂ ಕಾಣಬೇಕು. ರೂಢಿಯಾದರೆ ಮೂರು ಸೆಕೆಂಡಿನ ಕೆಲಸ. ಕಟ್ಟು ಕೊಟ್ಟರೆ ಮೇಲೊಂದು ಕೆಳಗೊಂದು ನೋಡಿ ಬಿಡಬೇಡಿ, ಬಿಚ್ಚಿ ಎಣಿಸಿ.

ಖೋಟಾ ನೋಟು ನಿಮ್ಮಲ್ಲೇ ಉಳಿದುಹೋದರೆ ಇನ್ನೊಬ್ಬರಿಗೆ ದಾಟಿಸಬೇಡಿ. ಗೊತ್ತಿದ್ದೂ ಚಲಾಯಿಸುವುದು ಅಪರಾಧ. ಬ್ಯಾಂಕಿಗೆ ಕೊಟ್ಟರೆ ಮುದ್ರೆ ಒತ್ತಿ ಇಟ್ಟುಕೊಂಡು ರಸೀದಿ ಕೊಡುತ್ತಾರೆ. ಹಣ ಸಿಗುವುದಿಲ್ಲ.

ಚಿಲ್ಲರೆಯ ಆಟವೂ ಒಂದಿದೆ. 500 ಕೊಟ್ಟು, ನೀವು ಚಿಲ್ಲರೆ ಎಣಿಸುತ್ತಿರುವಾಗ "ಬ್ಯಾಡ್ರಿ, ನೂರು ಐತಿ" ಎಂದು ನೋಟು ಹಿಂದೆ ಪಡೆದು, ಮತ್ತೇನೋ ಕೇಳಿ ತಲೆ ಕೆಡಿಸುತ್ತಾರೆ. ಚಿಲ್ಲರೆ ಅವರ ಕೈ ಸೇರುವವರೆಗೆ ಅವರ ನೋಟನ್ನು ಗಲ್ಲಾದೊಳಗೆ ಹಾಕಬೇಡಿ, ಮೇಲೆ ಕಲ್ಲಿಟ್ಟು ಎದುರಿಗೇ ಇರಲಿ. ಗೊಂದಲವಾದರೆ ಎಲ್ಲವನ್ನೂ ವಾಪಸ್ ತೆಗೆದುಕೊಂಡು ಮೊದಲಿನಿಂದ ಎಣಿಸಿ.

ಹಂತ 7: ಉದ್ರಿ ಮತ್ತು ಚೆಕ್

ಉದ್ರಿ ಕೊಡದೆ ನಮ್ಮ ಊರುಗಳಲ್ಲಿ ಅಂಗಡಿ ನಡೆಯುವುದಿಲ್ಲ, ಕೊಡಿ ಎಂದೇ ಹೇಳುತ್ತೇನೆ. ಆದರೆ ಒಬ್ಬರಿಗೆ ಇಷ್ಟೇ ಎಂಬ ಮಿತಿಯಿರಲಿ, ಪುಸ್ತಕದಲ್ಲಿ ಅವರ ಸಹಿಯೂ ಇರಲಿ. ಮೊದಲ ಎರಡು ತಿಂಗಳು ಸಣ್ಣ ಬಾಕಿಯನ್ನು ಹೇಳಿದ ದಿನಕ್ಕೇ ತೀರಿಸಿ, ಮೂರನೆಯ ತಿಂಗಳು ಒಮ್ಮೆಲೇ ದೊಡ್ಡ ಮಾಲು ಎತ್ತಿ ಮಾಯವಾಗುವುದು ಹಳೆಯ ತಂತ್ರ.

ಕಂಪನಿಯ ಹೆಸರಿನಲ್ಲಿ ಆರ್ಡರ್ ಬಂದರೆ ಜಿಎಸ್‌ಟಿ ಸಂಖ್ಯೆ ಕೇಳಿ. ಅದರಲ್ಲಿ 15 ಅಕ್ಷರಗಳಿರುತ್ತವೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರು, ಎಲ್ಲಿಯ ವಿಳಾಸ, ನೋಂದಣಿ ಜೀವಂತವಿದೆಯೇ ರದ್ದಾಗಿದೆಯೇ ಎಲ್ಲ ಪುಕ್ಕಟೆ ಕಾಣುತ್ತದೆ.

ಚೆಕ್ ತುಂಬಿದ ಚಲನ್ನಿನ ಫೋಟೊ ತೋರಿಸಿದರೆ ಮಾಲು ಬಿಡಬೇಡಿ, ಖಾತೆಯಲ್ಲಿ ಹಣ ಕೂರುವವರೆಗೆ ಅದು ಬರೀ ಕಾಗದ. ಚೆಕ್‌ನ ಆಯುಷ್ಯ ಮೂರು ತಿಂಗಳು. ಹಣವಿಲ್ಲವೆಂದು ಬ್ಯಾಂಕ್ ಹಿಂದಿರುಗಿಸಿದರೆ ಸುದ್ದಿ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿ 15 ದಿನವಾದರೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಕೊಡಬೇಕು. ಎರಡು ವರ್ಷದವರೆಗೆ ಸಜೆ, ಚೆಕ್ ಮೊತ್ತದ ದುಪ್ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. "ನಾಳೆ ಕೊಡ್ತೀನ್ರಿ" ಎಂಬ ಮಾತು ನಂಬಿ ಆ 30 ದಿನ ಕಳೆದುಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ಹಂತ 8: ಮೋಸ ಆಗಿಹೋದರೆ

ನಾಚಿಕೆಪಟ್ಟು ಸುಮ್ಮನಿರಬೇಡಿ. ಆನ್‌ಲೈನ್ ಹಣದ ಮೋಸಕ್ಕೆ ಕೂಡಲೇ 1930ಕ್ಕೆ ಕರೆ ಮಾಡಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ಕೊಡಬಹುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಬೇಕು. ಮೊದಲ ಒಂದು ಗಂಟೆಗೆ ಇರುವ ಬೆಲೆ ಮರುದಿನಕ್ಕೆ ಇಲ್ಲ. ಪಾವತಿಯ 12 ಅಂಕಿಗಳ ಸಂಖ್ಯೆ, ಮೊತ್ತ, ಸಮಯ, ಕರೆ ಬಂದ ನಂಬರು ಬರೆದಿಟ್ಟುಕೊಂಡು ಮಾತಾಡಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಕ್ಯಾಮೆರಾ ಇದ್ದರೆ ಆ ದಿನದ ದೃಶ್ಯ ಅಳಿಯುವ ಮುನ್ನ ತೆಗೆದಿಡಿ. ಪಕ್ಕದ ಅಂಗಡಿಯವರಿಗೂ ಹೇಳಿ, ಏಕೆಂದರೆ ನಿಮ್ಮಲ್ಲಿ ಗೆದ್ದವನು ಮುಂದೆ ಹೋಗುವುದು ಅಲ್ಲಿಗೇ. ನನ್ನ ಹತ್ತಿರ ಪೇಡೆ ಒಯ್ದ ಹುಡುಗ ಅದೇ ಸಂಜೆ ಎದುರಿನ ಬಟ್ಟೆ ಅಂಗಡಿಯಲ್ಲೂ ಹಸಿರು ಟಿಕ್ ತೋರಿಸಿದ್ದನೆಂದು ನನಗೆ ಗೊತ್ತಾದದ್ದು ನಾಲ್ಕು ದಿನದ ಮೇಲೆ.

ಇವತ್ತೇ ಒಂದು ರಟ್ಟಿನ ಮೇಲೆ 1930 ಎಂದು ದೊಡ್ಡದಾಗಿ ಬರೆದು ಗಲ್ಲಾದ ಪಕ್ಕ ಅಂಟಿಸಿ. ನೀವು ಮಧ್ಯಾಹ್ನ ಊಟಕ್ಕೆ ಹೋದಾಗ ಅಲ್ಲಿ ಕೂರುವವರು ಯಾರೋ, ತಾಯಿಯೋ ತಮ್ಮನೋ ಕೆಲಸದ ಹುಡುಗನೋ, ಅವರನ್ನು ಕೂರಿಸಿಕೊಂಡು ಈ ಎಂಟೂ ಹಂತಗಳನ್ನು ಒಮ್ಮೆ ಓದಿ ಹೇಳಿ.